ಗನ್ನಿಗೆ ದುಡ್ಡಿದೆ, ಸ್ಟ್ಯಾಂಡಿಗೆ ಇಲ್ವಾ? (ಅಂಗಡಿ ಜಗಳ, ಭಾಗ 4)

ಮೊದಲನೇ ಫೋಟೋ ನೋಡಿ. ಖಾಲಿ ಪುಟ್ಟಿ ಡಬ್ಬ, ಅದರ ಮೇಲೆ ಕಿಚನ್ ಕಬೋರ್ಡ್ ಬಾಗಿಲು, ಅದರ ಮುಂದೆ ಅರ್ಧ ಬಗ್ಗಿರೋ ನಮ್ಮ ಪಾಲಿಶ್ ಅಣ್ಣ. ಇದು ಬನಶಂಕರಿಯ ನಮ್ಮ ಅಂಗಡಿ. ಜೆಪಿ ನಗರ, ಬಿಟಿಎಂ ಕಡೆಗೂ ಒಂದು ರೌಂಡ್ ಹೋಗಿ ಬಂದೆ, ಅಲ್ಲೂ ಇದೇ ಸೀನು. ಗನ್ ಹೊಸದು, ಕಂಪ್ರೆಸರ್ ಹೊಸದು, ಪೀಸ್ ಕೂರೋಕೆ ಮಾತ್ರ ಡಬ್ಬ.

ಅಪ್ಪನ್ನ ಕೇಳ್ದೆ. "ಇಪ್ಪತ್ತು ವರ್ಷದಿಂದ ಡಬ್ಬದ ಮೇಲೇ ಹೊಡೀತಿದೀವಿ, ಏನಾಗಿದೆ?" ಅಂದ್ರು.

ಏನಾಗಿದೆ ಅಂದ್ರೆ, ಬಾಗಿಲು ತಿರುಗಲ್ಲ, ಅದಕ್ಕೆ ಅಣ್ಣನೇ ಸುತ್ತಬೇಕು. ಸುತ್ತುವಾಗ ಒಂದು ಕಡೆ ಗಾಳಿಗೆ ಎದುರು ನಿಲ್ಲಲೇಬೇಕು, ಥಿನ್ನರ್ ಎಲ್ಲಾ ಅವರ ಮುಖಕ್ಕೆ. ಹಾರಿದ ತುಂತುರು ಆಗಲೇ ಹೊಡೆದ ಕೋಟ್ ಮೇಲೆ ಕೂರುತ್ತೆ, ಒಣಗಿದ ಮೇಲೆ ಕೈಯಾಡಿಸಿದ್ರೆ ಸ್ಯಾಂಡ್ ಪೇಪರ್ ತರ ಗರಗರ. ಮತ್ತೆ ಉಜ್ಜು, ಮತ್ತೆ ಹೊಡಿ. ಕಾಸ್ಟಿಂಗ್‌ನಲ್ಲಿ ನಾವು ಓದೋ ಅಬ್ನಾರ್ಮಲ್ ಲಾಸ್ ಇದೇ ಕಣ್ರೋ, ತಪ್ಪಿಸಬಹುದಾಗಿದ್ದ ನಷ್ಟ. ಅದಕ್ಕೆ ಬೇರೆ ಅಕೌಂಟ್ ತೆಗೀಬೇಕು. ನಮ್ಮಲ್ಲಿ ಅಣ್ಣನ ಸೊಂಟಕ್ಕೆ ಡೆಬಿಟ್ ಮಾಡ್ತಾರೆ.

ಚನ್ನಪಟ್ಟಣದಲ್ಲಿ ಗೊಂಬೆ ಮಾಡೋದು ನೋಡಿದೀರಾ? ಲೇತ್ ಮೇಲೆ ಮರ ತಿರುಗ್ತಿರುತ್ತೆ, ಅರಗಿನ ಕಡ್ಡಿ ಒತ್ತಿ ಹಿಡೀತಾರೆ, ಉಜ್ಜಿದ ಬಿಸಿಗೇ ಬಣ್ಣ ಕರಗಿ ಹತ್ಕೊಳುತ್ತೆ. ಅಲ್ಲಿ ಸುತ್ತೋದು ಮರ, ಮನುಷ್ಯ ಅಲ್ಲ. ಮೈಸೂರು ರಸ್ತೇಲಿ ಅಷ್ಟು ಹತ್ತಿರ ಇರೋ ಬುದ್ಧಿ ಬೆಂಗಳೂರಿಗೆ ಯಾಕೆ ಬರಲಿಲ್ಲ?

ನಾವು ಮಾಡಿದ್ದು ಇಷ್ಟೇ. 18 ಎಂಎಂ ಪ್ಲೈನ ಎರಡು ಚೌಕ ತುಂಡು, ಮಧ್ಯೆ 12 ಇಂಚಿನ ತಿರುಗೋ ಬೇರಿಂಗ್ (ಡೈನಿಂಗ್ ಟೇಬಲ್ ಮೇಲೆ ತಿರುಗೋ ತಟ್ಟೆಗೆ ಹಾಕ್ತಾರಲ್ಲ, ಅದೇ). ಸೊಂಟದ ಎತ್ತರಕ್ಕೆ ಕಾಲು. ಮೊದಲ ಸಲ ಬಾಗಿಲು ಇಟ್ಟ ತಕ್ಷಣ ವಾಲ್ತು, ಅಪ್ಪ ನಕ್ಕಿದ್ದೇ ನಕ್ಕಿದ್ದು. ಕಾಲು ಅಗಲ ಮಾಡಿ ಅಡ್ಡಪಟ್ಟಿ ಹೊಡೆದ್ವಿ. ಮೇಲಿನ ಹಲಗೆಗೆ ಕೆಳಗಿನಿಂದ ಸ್ಕ್ರೂ ಹಾಕಿ ಮೊನೆ ಮೇಲೆ ಬಿಟ್ವಿ. ಬಾಗಿಲಿನ ಹಿಂಭಾಗ ಮೊದಲು ಹೊಡೆದು, ಮಗುಚಿ, ಮೊನೆ ಮೇಲೆ ಕೂರಿಸಿ ಮುಂಭಾಗ. ಗುರುತು ಬಿದ್ರೂ ಹಿಂದೆ, ಸೂಜಿ ಚುಚ್ಚಿದಷ್ಟು. ದುಡ್ಡು ಕೊಟ್ಟು ತಂದಿದ್ದು ಬೇರಿಂಗ್ ಒಂದೇ, ಮಿಕ್ಕಿದ್ದೆಲ್ಲಾ ಅಂಗಡೀಲಿ ಬಿದ್ದಿದ್ದ ತುಂಡು. ಈಗ ಅಣ್ಣ ಗಾಳಿಗೆ ಬೆನ್ನು ಕೊಟ್ಟು ಒಂದೇ ಕಡೆ ನಿಲ್ತಾರೆ. ಗನ್ ನೇರ, ಆರರಿಂದ ಎಂಟು ಇಂಚು ದೂರ, ಎಡಗೈಲಿ ಹಲಗೆ ತಿರುಗಿಸ್ತಾರೆ.

"ಸ್ಟ್ಯಾಂಡ್ ಬಂತಲ್ಲ, ಇನ್ನೇನು" ಅನ್ನೋರಿಗೆ: ಕರ್ಚೀಫ್ ಕಟ್ಕೊಂಡ್ರೆ ಥಿನ್ನರ್ ಆವಿ ನಿಲ್ಲಲ್ಲ. ಪಿಯು ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತೆ, ಅದರಿಂದ ಆಸ್ತಮಾ ಬರುತ್ತೆ. ಕನಿಷ್ಠ ಕಾರ್ಟ್ರಿಜ್ ಮಾಸ್ಕ್ ಬೇಕು, ಅದು ಮಾಲೀಕನ ಖರ್ಚು, ಅಣ್ಣನ ಸಂಬಳದ್ದಲ್ಲ.

ಮಾಸ್ಕ್ ಕೊಟೇಶನ್ ಅಪ್ಪನ ಟೇಬಲ್ ಮೇಲೆ ಹತ್ತು ದಿನದಿಂದ ಬಿದ್ದಿದೆ, ಮೇಲೆ ಟೀ ಲೋಟದ ಗುರುತು ಬೇರೆ. ಭಾಗ 5 ಅದರ ಬಗ್ಗೆನೇ.

#ಅಂಗಡಿಜಗಳ #ಬನಶಂಕರಿ