ಆರೋಗ್ಯ ಅಂಕಣ: ಇನ್ಸುಲಿನ್ ಬಿಟ್ಟು ತೂಕ ಇಳಿಸಬೇಡಿ

"ಇನ್ಸುಲಿನ್ ಶುರುವಾದ ಮೇಲೆ ಐದು ಕಿಲೋ ಏರಿದ್ದೇನೆ. ಊರಿಗೆ ಹೋಗುವವರೆಗೆ ನಿಲ್ಲಿಸಲಾ ಅಣ್ಣಾ?" ಪಕ್ಕದ ಹಾಸಿಗೆಯ ಗೆಳೆಯ ಮೊನ್ನೆ ಕೇಳಿದ. ನಾನೂ ಒಂದು ಕಾಲದಲ್ಲಿ ಹಾಗೇ ಯೋಚಿಸಿದವನು. ಬೇಡ ಎಂದೆ.

ರಕ್ತದ ಸಕ್ಕರೆ ಸುಮಾರು 180 ದಾಟಿದರೆ ಮೂತ್ರದಲ್ಲಿ ಸೋರಿಹೋಗುತ್ತದೆ, ತಿಂದದ್ದು ಮೈಗೆ ಹತ್ತುವುದಿಲ್ಲ. ಇನ್ಸುಲಿನ್ ಆ ಸೋರಿಕೆ ನಿಲ್ಲಿಸುತ್ತದೆ. ಆದ್ದರಿಂದ ಮೊದಲಿನಷ್ಟೇ ತಿಂದರೂ ತೂಕ ಏರುತ್ತದೆ. ಇಂಜೆಕ್ಷನ್ ಬಿಟ್ಟರೆ ತೂಕ ಇಳಿಯಬಹುದು, ಆದರೆ ಕಣ್ಣು, ಕಿಡ್ನಿ, ಕಾಲು ಅಪಾಯಕ್ಕೆ ಸಿಗುತ್ತವೆ.

ಇನ್ನೊಂದು ಕಾರಣ ಲೋ ಶುಗರ್. ಡ್ಯೂಟಿ ಮಧ್ಯೆ ಕೈ ನಡುಗಿ ಬೆವರಿದರೆ, ಗಾಬರಿಯಲ್ಲಿ ಜ್ಯೂಸ್, ಬಿಸ್ಕೆಟ್, ಪರೋಟ ಎಲ್ಲ ತಿಂದುಬಿಡುತ್ತೇವೆ. ಸಕ್ಕರೆ 70ಕ್ಕಿಂತ ಕೆಳಗಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ. 15 ನಿಮಿಷ ಬಿಟ್ಟು ಪರೀಕ್ಷಿಸಿ, ಏರದಿದ್ದರೆ ಮತ್ತೊಮ್ಮೆ ಕುಡಿಯಿರಿ. ಪದೇ ಪದೇ ಹೀಗಾದರೆ ಡೋಸ್ ಹೆಚ್ಚಿರಬಹುದು.

ಊಟದಲ್ಲಿ ಒಂದು ಖುಬೂಸ್ ಕಡಿಮೆ ಮಾಡಿ ಬೇಳೆ, ಮೀನು, ಸೌತೆಕಾಯಿ ಹೆಚ್ಚಿಸಬಹುದು. ಕರಕ್ ಚಹಾದ ಬದಲು ಸಕ್ಕರೆಯಿಲ್ಲದ ಸುಲೈಮಾನಿ ಕುಡಿಯಬಹುದು. ಊಟದ ನಂತರ ಅರ್ಧ ಗಂಟೆ ನಡೆಯಿರಿ, ಜೇಬಿನಲ್ಲಿ ಸಕ್ಕರೆ ಇರಲಿ. ಆದರೆ ಡೋಸ್ ಹಾಗೇ ಇಟ್ಟು ಅನ್ನ, ಖುಬೂಸ್ ಒಮ್ಮೆಲೇ ಬಿಟ್ಟರೆ ಸಕ್ಕರೆ ಕುಸಿಯುತ್ತದೆ. ಮೊದಲು ಡಾಕ್ಟರಿಗೆ ಹೇಳಿ, ಅವರೇ ಡೋಸ್ ಬದಲಿಸಲಿ.

ಗೆಳೆಯ ಈಗ ದಿನವೂ ರೀಡಿಂಗ್ ಬರೆದಿಡುತ್ತಿದ್ದಾನೆ. ಮುಂದಿನ ವಾರ ಅದೇ ಪುಸ್ತಕ ಹಿಡಿದು ಕ್ಲಿನಿಕ್‌ಗೆ ಹೋಗುತ್ತಾನೆ. ಊರಲ್ಲಿ ಕಾಯುವವರಿಗೆ ನಮ್ಮ ಸಣ್ಣ ಹೊಟ್ಟೆಗಿಂತ ನಾವೇ ಮುಖ್ಯ, ಅಲ್ಲವೇ?