ಕಣ್ಣಂದಾಜು ಸಾಕು, ಮರಿಯನ್ನು ತೂಗಿ ಕೊಳ್ಳಿ

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ ತಾಲ್ಲೂಕುಗಳ ಕುರಿ ಸಾಕುವ ಅಣ್ಣಂದಿರೇ, ಅಕ್ಕಂದಿರೇ,

ಸಂತೆಯಲ್ಲಿ ನಮ್ಮ ಮರಿಗೆ ಬೆಲೆ ಕಟ್ಟುವವರು ಯಾರು? ದಲ್ಲಾಳಿ ಬಂದು ಮರಿಯ ಬೆನ್ನುಮೂಳೆ ಒತ್ತಿ ನೋಡುತ್ತಾನೆ, ಒಮ್ಮೆ ಎತ್ತಿ ಇಳಿಸುತ್ತಾನೆ. ಆಮೇಲೆ ಟವೆಲ್ಲಿನ ಅಡಿಯಲ್ಲಿ ಬೆರಳಿನ ಲೆಕ್ಕ. ಅದೇ ಮರಿ ಬೆಂಗಳೂರಿನ ಅಂಗಡಿ ಸೇರಿದರೆ ಗ್ರಾಂ ಲೆಕ್ಕದಲ್ಲಿ ತಕ್ಕಡಿಗೆ ಬೀಳುತ್ತದೆ. ಮಾರುವವನಿಗೆ ತೂಕ, ಸಾಕಿದವನಿಗೆ ಅಂದಾಜು!

ಕುರಿಗೆ ಹೆಸರಾದ ನ್ಯೂಜಿಲೆಂಡಿನ ಕಥೆ ಸ್ವಲ್ಪ ಕೇಳಿ. ಹೆಪ್ಪುಗಟ್ಟಿಸಿದ ಕುರಿಮಾಂಸವನ್ನು ‘ಡುನೆಡಿನ್’ ಹಡಗಿಗೆ ಹೇರಿ 1882ರಲ್ಲೇ ಲಂಡನ್ನಿಗೆ ಕಳಿಸಿದವರು ಅವರು. 1982ರಲ್ಲಿ ಅಲ್ಲಿ 7 ಕೋಟಿ ಕುರಿಗಳಿದ್ದವು. 1984ರಿಂದ ಸರ್ಕಾರ ಸಹಾಯಧನ ಕಿತ್ತುಕೊಂಡಿತು. ಹುಲ್ಲುಗಾವಲು ಹಾಲಿನ ಹಸುಗಳ ಪಾಲಾಯಿತು, ಪೈನ್ ತೋಪುಗಳ ಪಾಲಾಯಿತು. ಈಗ ಉಳಿದಿರುವುದು 2.5 ಕೋಟಿಗೂ ಕಡಿಮೆ. ನಮ್ಮಲ್ಲಿ ಆದದ್ದು ತಿರುಗುಮುರುಗು. ಭಾರತದಲ್ಲಿ 1951ರಲ್ಲಿ 3.9 ಕೋಟಿ ಇದ್ದ ಕುರಿ 2019ರ ಜಾನುವಾರು ಗಣತಿಯಲ್ಲಿ 7.4 ಕೋಟಿ, ಅದರಲ್ಲಿ ಕರ್ನಾಟಕದ್ದೇ 1.1 ಕೋಟಿ.

ತಲೆ ಎಣಿಸಿದರೆ ಗೆದ್ದವರು ನಾವು. ಆದರೆ ಅಲ್ಲಿ 1990ರ ಸುಮಾರಿಗೆ ಒಂದು ಮರಿ ಕಡಿದರೆ 14 ಕಿಲೋ ಮಾಂಸ ಸಿಗುತ್ತಿತ್ತು, ಈಗ 18-19 ಕಿಲೋ. ಹಾಗಾಗಿ ಮಂದೆ ಕರಗಿದಷ್ಟು ಮಾಂಸ ಕರಗಲಿಲ್ಲ. ನಮ್ಮದು 12 ಕಿಲೋ ಆಸುಪಾಸಿನಲ್ಲೇ ನಿಂತಿದೆ.

ಅಲ್ಲಿಯ ಮಳೆ, ಹುಲ್ಲು ನಮಗಿಲ್ಲ, ಒಪ್ಪಿದೆವು. ಜಾಲಿಕಾಯಿ ತಿಂದು ಬದುಕುವ ಕುರಿ ನಮ್ಮದು. ಆದರೆ ಇಲ್ಲೂ ಮೇವಿನ ನೆಲ ಕರಗುತ್ತಿದೆ. 1933ರ ನಂತರ 2022ರಲ್ಲಿ ಮಾರಿಕಣಿವೆ ಜಲಾಶಯ ಕೋಡಿ ಬಿದ್ದಾಗ ಎಲ್ಲರೂ ಬಾಗಿನದ ಮಾತಾಡಿದರು; ನಾವೂ ಖುಷಿಪಟ್ಟೆವು. ಆದರೆ ನೀರು ಬಂದಲ್ಲಿ ಅಡಿಕೆ, ಅಡಿಕೆ ಬಂದಲ್ಲಿ ಬೇಲಿ. ಕೂಳೆ ಹೊಲದಲ್ಲಿ ಮಂದೆ ನಿಲ್ಲಿಸಿ ಎಂದು ಕರೆಯುವವರು ಎಷ್ಟು ಜನ ಉಳಿದಾರು? ಗುಡ್ಡದ ಮೇಲೆ ಗಾಳಿಯಂತ್ರ, ಚಳ್ಳಕೆರೆಯ ಅಮೃತಮಹಲ್ ಕಾವಲಿನ ಸಾವಿರಾರು ಎಕರೆಗೆ ಗೋಡೆ. ಇನ್ನು ಮಂದೆ ದೊಡ್ಡದು ಮಾಡಿ ಬದುಕುವ ಕಾಲವಲ್ಲ, ಇರುವ ಮರಿಯನ್ನೇ ಮೈ ತುಂಬಿಸಬೇಕು.

ಅಂದಾಜಿನ ಸಂತೆಯಲ್ಲಿ ಮೈ ತುಂಬಿಸಿ ಏನು ಲಾಭ? 25 ಕಿಲೋ ಮರಿಯನ್ನು ದಲ್ಲಾಳಿ 22 ಎಂದರೆ, ಜೀವತೂಕಕ್ಕೆ ಕಿಲೋಗೆ 350 ರೂಪಾಯಿ ಹಿಡಿದರೂ 1,050 ರೂಪಾಯಿ ಹೋಯಿತು. ಜಂತುಹುಳುವಿನ ಔಷಧಿ, ಹುರುಳಿ, ಶೇಂಗಾ ಹಿಂಡಿಯ ಖರ್ಚು ಅದರಲ್ಲೇ ಮುಳುಗಿತು. ನ್ಯೂಜಿಲೆಂಡಿನ ರೈತನಿಗೆ ಹಣ ಬರುವುದು ಕಡಿದ ಮಾಂಸದ ತೂಕ, ಕೊಬ್ಬಿನ ದರ್ಜೆ ನೋಡಿ. ಮೇಯಿಸಿದವನಿಗೆ ಮೇಯಿಸಿದ್ದರ ಫಲ ಸಿಗುತ್ತದೆ.

ನಮ್ಮವರಲ್ಲೂ ಕೆಲವರು ಉಪ್ಪು ನೆಕ್ಕಿಸಿ, ನೀರು ಕುಡಿಸಿ, ಹೊಟ್ಟೆ ಉಬ್ಬಿಸಿ ಸಂತೆಗೆ ಹೊಡೆದುಕೊಂಡು ಬರುತ್ತಾರೆ. ತಕ್ಕಡಿ ಬಂದರೆ ಈ ಆಟವೂ ನಿಲ್ಲಬೇಕು. ಬೆಳಗ್ಗೆ ನೀರಿಗೆ ಬಿಡುವ ಮುಂಚೆಯೇ ತೂಗುವ ಕಟ್ಟುಪಾಡು ಬೇಕು.

ನಾವು ಕೇಳುವುದಿಷ್ಟು: ಕುರಿ ಸಂತೆ ನಡೆಯುವ ಪ್ರತಿ ಕಡೆ ಕಟಕಟೆಯಿರುವ ತಕ್ಕಡಿ, ಆ ದಿನದ ಕಿಲೋ ದರ ಬರೆದ ಬೋರ್ಡು. ಸುಂಕ ವಸೂಲಿ ಮಾಡುವವರೇ ಇದನ್ನು ಕೊಡಲಿ. ಸಾಕುವ ಹೆಣ್ಣುಕುರಿ, ಬೀಜದ ಟಗರು ಈ ಲೆಕ್ಕಕ್ಕೆ ಸೇರುವುದಿಲ್ಲ. ಅವನ್ನು ಕಣ್ಣು, ಕುಲ ನೋಡಿಯೇ ಕೊಳ್ಳಬೇಕು. ಕಡಿಯಲು ಹೋಗುವ ಮರಿಗೆ ಮಾತ್ರ ತೂಕ. ತಕ್ಕಡಿ ಬರುವ ತನಕ ನಾಲ್ಕು ಹಟ್ಟಿಯವರು ಸೇರಿ ಒಂದು ತೂಗುಕೊಕ್ಕೆ ತನ್ನಿ, ರೊಪ್ಪದಲ್ಲೇ ತೂಗಿ, ತೂಕ ಚೀಟಿಯಲ್ಲಿ ಬರೆದುಕೊಂಡು ಸಂತೆಗೆ ಹೋಗಿ.

ಮಾರಿಕಣಿವೆ ಸುತ್ತಿನ ಕುರಿಗಾಹಿಗಳು