ಕೆಂಪು ಬಣ್ಣದ ಎಚ್ಚರಿಕೆ

ಪಿಯುಸಿ ಪರೀಕ್ಷೆಗೆ ಕೂರಲು ಶೇ 75ರಷ್ಟು ಹಾಜರಾತಿ ಬೇಕೇ ಬೇಕು. ಕೊರತೆ ಇರುವುದು ಕೊನೆಯ ತಿಂಗಳಲ್ಲಿ ಗೊತ್ತಾದರೆ ಏನು ಮಾಡುತ್ತೀರಿ? ಮೊದಲೇ ಎಚ್ಚರಿಸಲು ಎಕ್ಸೆಲ್‌ನಲ್ಲಿ ‘ಕಂಡಿಷನಲ್ ಫಾರ್ಮ್ಯಾಟಿಂಗ್’ ಇದೆ. ನಾವು ಹೇಳಿದ ನಿಯಮಕ್ಕೆ ಹೊಂದುವ ಅಂಕಿಗೆ ಅದು ತಾನಾಗಿಯೇ ಬಣ್ಣ ಹಚ್ಚುತ್ತದೆ.

ಎ ಕಾಲಂನಲ್ಲಿ ವಿಷಯ, ಬಿಯಲ್ಲಿ ನಡೆದ ತರಗತಿಗಳು, ಸಿಯಲ್ಲಿ ನೀವು ಹಾಜರಾದ ತರಗತಿಗಳು ಇರಲಿ. ಡಿ2 ಸೆಲ್‌ನಲ್ಲಿ =ಸಿ2/ಬಿ2 ಎಂಬ ಸೂತ್ರ ಕೊಟ್ಟು (ಅಕ್ಷರಗಳು ಇಂಗ್ಲಿಷಿನಲ್ಲಿರಲಿ) ಕೆಳಗಿನ ಸಾಲುಗಳಿಗೂ ಎಳೆಯಿರಿ. ಆ ಸೆಲ್‌ಗಳನ್ನು ಆಯ್ದುಕೊಂಡು ಶೇಕಡಾ ಚಿಹ್ನೆಯ ಬಟನ್ ಒತ್ತಿ.

ಈಗ ‘ಹೋಂ’ ಟ್ಯಾಬ್‌ನಲ್ಲಿ ‘ಕಂಡಿಷನಲ್ ಫಾರ್ಮ್ಯಾಟಿಂಗ್’, ಅದರೊಳಗೆ ‘ಹೈಲೈಟ್ ಸೆಲ್ಸ್ ರೂಲ್ಸ್’, ನಂತರ ‘ಲೆಸ್ ದ್ಯಾನ್’ ಆಯ್ಕೆ ಮಾಡಿ. 75% ಎಂದು ಟೈಪಿಸಿ, ಕೆಂಪು ಬಣ್ಣ ಆರಿಸಿ, ‘ಓಕೆ’ ಒತ್ತಿ. ಬರೀ 75 ಎಂದರೆ ಎಲ್ಲ ವಿಷಯಗಳೂ ಕೆಂಪಾಗುತ್ತವೆ. ಏಕೆಂದರೆ ಎಕ್ಸೆಲ್ ಲೆಕ್ಕದಲ್ಲಿ ಶೇ 75 ಎಂದರೆ 0.75. ಇದೇ ರೀತಿ ‘ಬಿಟ್ವೀನ್’ನಲ್ಲಿ 75%ರಿಂದ 80%ರವರೆಗೆ ಹಳದಿ ಕೊಟ್ಟರೆ ಅಂಚಿನಲ್ಲಿರುವ ವಿಷಯಗಳೂ ಕಾಣುತ್ತವೆ.

ಒಮ್ಮೊಮ್ಮೆ 75% ಎಂದು ತೋರಿಸುವ ಸೆಲ್ ಕೂಡ ಕೆಂಪಾಗಿರುತ್ತದೆ. ಅದು ದೋಷವಲ್ಲ. 67 ತರಗತಿಗಳಲ್ಲಿ 50ಕ್ಕೆ ಹೋಗಿದ್ದರೆ ಹಾಜರಾತಿ ಶೇ 74.6. ಕಣ್ಣಿಗೆ ಕಾಣುವುದು ದುಂಡಾದ ಅಂಕಿ, ನಿಯಮ ನೋಡುವುದು ನಿಜವಾದ ಅಂಕಿಯನ್ನು. ಮುಂದಿನ ತರಗತಿ ತಪ್ಪಿಸಬೇಡಿ. 68ಕ್ಕೆ 51 ಆದೊಡನೆ ಸರಿಯಾಗಿ ಶೇ 75, ಕೆಂಪು ಮಾಯ!